ಕೂಲರ್ ಆಮೇಲೆ ನೋಡುವ, ಮೊದಲು ಟೆರೇಸಿಗೆ ನೆರಳು ಮಾಡಿ ಮಾರಾಯ್ರೆ

ಯೂಟ್ಯೂಬ್ ತೆಗೆದ್ರೆ ಈಗ ಎಸಿ ಇಲ್ಲದೆ ಮನೆ ತಂಪು ಮಾಡುವ ವಿಡಿಯೋಗಳೇ. ಫ್ಯಾನಿನ ಎದುರು ಐಸ್ ಇಡಿ, ಕಿಟಕಿಗೆ ಒದ್ದೆ ಬೆಡ್‌ಶೀಟ್ ಕಟ್ಟಿ, ಲಾವಂಚದ ಪರದೆಗೆ ನೀರು ಚಿಮುಕಿಸಿ ಅಂತ ಒಂದರ ಹಿಂದೆ ಒಂದು. ಮಾಡುವವರು ಹೆಚ್ಚಿನವರು ಒಣ ಹವೆಯ ಊರಿನವರು, ಅವರಿಗೆ ಅದು ಸರಿಯೇ, ನಾನು ಬೇಡ ಹೇಳುದಿಲ್ಲ. ಆದ್ರೆ ನಮ್ಮ ಕರಾವಳಿಯ ಕಾಸರಗೋಡಿಗೆ ಅದನ್ನ ಹಾಗೇ ತಂದ್ರೆ ಆಗುದಿಲ್ಲ. ಇಲ್ಲಿ ಏಪ್ರಿಲ್ ತಿಂಗಳಲ್ಲಿ ಮಿಂದು ಬಂದು ಬೈರಾಸಲ್ಲಿ ಮೈ ಒರೆಸಿ ಮುಗಿಯುವಷ್ಟರಲ್ಲಿ ಪುನಃ ಬೆವರು ಇಳೀತದೆ.

ನನ್ನ ಜೊತೆ ಕೆಲಸ ಮಾಡ್ತಿದ್ದ ಒಬ್ಬರು ಅಕ್ಕಲಕೋಟೆಯವರು, ಸೊಲ್ಲಾಪುರದ ಹತ್ರ, ಬೇಸಿಗೆಯಲ್ಲಿ ಫೋನ್ ಮಾಡಿದಾಗೆಲ್ಲ "ಅಷ್ಟ್ಯಾಕ ತ್ರಾಸ ತಗೋತೀರಿ, ಒಂದ್ ಕೂಲರ್ ತಂದು ಹಚ್ಚರಿ" ಅಂತಾರೆ. ಅವರಲ್ಲಿ ಕೂಲರ್ ಹಾಕಿದ್ರೆ ರಾತ್ರಿ ಹೊದಿಕೆ ಬೇಕಾಗ್ತದಂತೆ. ಆಗ್ಬಹುದು. ಕೂಲರ್ ಅಂದ್ರೆ ಎಂತ, ಒದ್ದೆ ಪ್ಯಾಡಿನ ಮೂಲಕ ಗಾಳಿ ಎಳೆದು ಬಿಡುವ ಫ್ಯಾನ್, ಅಷ್ಟೆ. ನೀರು ಆರುವಾಗ ಗಾಳಿಯ ಬಿಸಿ ಹೀರಿಕೊಳ್ತದೆ. ಗಾಳಿ ಒಣಗಿದ್ದರೆ ಬೇಗ ಆರ್ತದೆ, ಆಗ್ಲೇ ತೇವ ತುಂಬಿಕೊಂಡಿದ್ರೆ ಆರುದಿಲ್ಲ. ಲೆಕ್ಕ ಬೇಕಿದ್ರೆ, 40 ಡಿಗ್ರಿ ಬಿಸಿ, 20 ಪರ್ಸೆಂಟ್ ತೇವಾಂಶ ಇರುವ ಊರಲ್ಲಿ ಒದ್ದೆ ಬಟ್ಟೆ ಸುಮಾರು 22 ಡಿಗ್ರಿವರೆಗೆ ತಣ್ಣಗಾಗ್ಬಹುದು, 33 ಡಿಗ್ರಿ ಬಿಸಿ, 70 ಪರ್ಸೆಂಟ್ ತೇವಾಂಶ ಇದ್ದಲ್ಲಿ 28ರಿಂದ ಕೆಳಗೆ ಇಳಿಯುದೇ ಇಲ್ಲ. ಕೂಲರಿನ ಗಾಳಿ ಅದಕ್ಕಿಂತ ತಂಪಾಗ್ಲಿಕ್ಕೆ ಸಾಧ್ಯವೇ ಇಲ್ಲ. ಮೇಲಿಂದ ಕೋಣೆಯ ತೇವ ಇನ್ನೂ ಹೆಚ್ಚಾಗಿ ನಮ್ಮ ಮೈಯ ಬೆವರೂ ಆರುದಿಲ್ಲ, ಅಂದ್ರೆ ದುಡ್ಡು ಕೊಟ್ಟು ಸೆಕೆ ತಂದ ಹಾಗೆ. ಹವಾಮಾನ ಇಲಾಖೆಯವರು ಕೂಡ ಬಿಸಿಗಾಳಿ ಅಂತ ಘೋಷಿಸ್ಲಿಕ್ಕೆ ಬಯಲು ಸೀಮೆಗೆ 40 ಡಿಗ್ರಿ ಇಟ್ಟುಕೊಂಡು ಕರಾವಳಿಗೆ 37ಕ್ಕೇ ಶುರು ಮಾಡಿದ್ದಾರೆ.

ಹಾಗಾದ್ರೆ ನಾವು ಮಾಡುದೆಂತ? ನನ್ನ ಲೆಕ್ಕದಲ್ಲಿ ಎರಡೇ ಕೆಲಸ, ಬಿಸಿಲು ಮನೆಗೆ ತಾಗದ ಹಾಗೆ ನೋಡಿಕೊಳ್ಳುದು, ಗಾಳಿ ನಿಲ್ಲದ ಹಾಗೆ ನೋಡಿಕೊಳ್ಳುದು.

ಬಿಸಿಲು ಅಂದ್ರೆ ಮುಖ್ಯ ಟೆರೇಸ್. ನಮ್ಮೂರಲ್ಲಿ ಏಪ್ರಿಲ್ 23ರ ಆಚೀಚೆ ಸೂರ್ಯ ನೆತ್ತಿಯ ಮೇಲೆ ನೇರ ಬರ್ತಾನೆ, ಮಟ ಮಧ್ಯಾಹ್ನ ಕಂಬದ ನೆರಳು ಕಾಣ್ಲಿಕ್ಕೆ ಸಿಗುದಿಲ್ಲ. ಆಗ ದಕ್ಷಿಣದ ಗೋಡೆಗೆ ಬಿಸಿಲು ಹೆಚ್ಚು ಕಮ್ಮಿ ಇಲ್ಲವೇ ಇಲ್ಲ, ಪೂರ್ತಿ ಪೆಟ್ಟು ಬೀಳುದು ಸ್ಲ್ಯಾಬಿಗೆ. ಹಳೇ ಹೆಂಚಿನ ಮನೆಯಲ್ಲಿ ಹೆಂಚಿನ ಸಂದಿಯಲ್ಲಿ ಬಿಸಿ ಗಾಳಿ ಹೊರಗೆ ಹೋಗ್ತಿತ್ತು, ಮಧ್ಯದಲ್ಲಿ ಅಟ್ಟ ಬೇರೆ ಇತ್ತು, ಹೆಂಚು ಕಾದ್ರೂ ಸಂಜೆಗೆ ಬೇಗ ತಣೀತಿತ್ತು. ಕಾಂಕ್ರೀಟ್ ಹಾಗಲ್ಲ, ಹಗಲಿಡೀ ಕಾದು ಆ ಬಿಸಿಯನ್ನ ನಿಧಾನಕ್ಕೆ ಕೆಳಗೆ ಬಿಡ್ತದೆ, ಹಾಗಾಗಿಯೇ ಹೊರಗೆ ಅಂಗಳದಲ್ಲಿ ಹಿತವಾಗಿದ್ರೂ ರಾತ್ರಿ ಒಂಬತ್ತು ಗಂಟೆಗೆ ಬೆಡ್‌ರೂಮ್ ಒಳಗೆ ಹೋದ್ರೆ ಮುಖಕ್ಕೆ ರಪ್ಪಂತ ಹೊಡೆಯುದು.

ದುಡ್ಡಿದ್ದವರು ಟೆರೇಸಿನ ಮೇಲೆ ಶೀಟಿನ ಮಾಡು ಹಾಕಿಸ್ತಾರೆ, ಈಗ ಬದಿಯಡ್ಕ ಪೆರ್ಲ ಕಡೆ ದಾರಿಯುದ್ದಕ್ಕೂ ಕಾಣ್ತದಲ್ಲ ಅದೇ. ಒಳ್ಳೆದೇ, ಮಳೆಗಾಲದಲ್ಲಿ ಬಟ್ಟೆ ಒಣಗಿಸ್ಲಿಕ್ಕೂ ಆಗ್ತದೆ. ಆದ್ರೆ ಕೆಲವರು ನಾಲ್ಕೂ ಸುತ್ತು ಮುಚ್ಚಿ ರೂಮಿನ ಹಾಗೆ ಮಾಡಿಸ್ತಾರೆ, ಆಗ ಕಾದ ಶೀಟಿನ ಬಿಸಿ ಅಲ್ಲೇ ತುಂಬಿಕೊಂಡು ಪುನಃ ಸ್ಲ್ಯಾಬನ್ನೇ ಸುಡ್ತದೆ, ಬದಿ ಓಪನ್ ಬಿಡ್ಲೇಬೇಕು.

ನಾವು ಶೀಟ್ ಹಾಕಿಸ್ಲಿಲ್ಲ, ಮಡಲು ಹಾಕಿದ್ದು. ತೋಟದಲ್ಲಿ ಬಿದ್ದ ತೆಂಗಿನ ಮಡಲು ಹೇಗೂ ಉಂಟಲ್ಲ. ಟೆರೇಸಿನ ಮೇಲೆ ಅಡಿಕೆ ಮರದ ಸೀಳುಗಳನ್ನ ಅಡ್ಡಡ್ಡ ಇಟ್ಟು, ಅದರ ಮೇಲೆ ಮಡಲನ್ನ ಒಂದರ ಮೇಲೊಂದು ಬರುವ ಹಾಗೆ ಹರಡುದು. ಸೀಳು ಇಡದೆ ನೇರ ಸ್ಲ್ಯಾಬಿನ ಮೇಲೆ ಹಾಕ್ಬೇಡಿ, ಅಡಿಯಲ್ಲಿ ಗಾಳಿ ಓಡಾಡ್ಲಿಕ್ಕೆ ನಾಲ್ಕು ಬೆರಳು ಜಾಗ ಬೇಕು. ಅದು ಒಣಗಿ ಕಂದಾದ್ರೂ ನೆರಳಿಗೇನೂ ಕಮ್ಮಿ ಆಗುದಿಲ್ಲ, ಮಧ್ಯಾಹ್ನ ಎರಡು ಗಂಟೆಗೆ ಮಡಲು ಒಂಚೂರು ಸರಿಸಿ ಸ್ಲ್ಯಾಬಿಗೆ ಅಂಗೈ ಇಟ್ಟರೆ ಇಟ್ಟಲ್ಲೇ ಇಡ್ಲಿಕ್ಕಾಗ್ತದೆ, ಪಕ್ಕದಲ್ಲಿ ಬಿಸಿಲು ಬಿದ್ದ ಜಾಗದಲ್ಲಿ ಕೈ ಇಟ್ಟು ನೋಡಿ ಬೇಕಾದ್ರೆ. ಕಷ್ಟ ಎಂತ ಅಂದ್ರೆ ಒಣ ಮಡಲಿಗೆ ಬೆಂಕಿಯ ಹೆದರಿಕೆ, ವಿಷುವಿಗೆ ಪಟಾಕಿ ಬಿಡುವ ಮಕ್ಕಳಿದ್ರೆ ಜಾಗ್ರತೆ, ಮತ್ತೆ ಪತ್ತನಾಜೆಯ ಹೊತ್ತಿಗೆ, ಅಂದ್ರೆ ಮೇ ಕೊನೆಗೆ, ಪೂರಾ ತೆಗೆದು ಗುಡಿಸ್ಬೇಕು, ಇಲ್ಲಾಂದ್ರೆ ಮೊದಲ ಮಳೆಗೇ ಕಸ ಪೈಪಲ್ಲಿ ಸಿಕ್ಕಿ ಟೆರೇಸ್ ಕೆರೆ ಆಗ್ತದೆ. ತೆಗೆದದ್ದು ಬಚ್ಚಲ ಒಲೆಗೆ ಆಯ್ತು. ಮಡಲೂ ಇಲ್ಲದವರು ಬಿಳಿ ಸುಣ್ಣವಾದ್ರೂ ಬಳೀರಿ, ಬಿಳಿ ಮೇಲ್ಮೈ ಬಿಸಿಲನ್ನ ತಿರುಗಿಸಿ ಕಳಿಸ್ತದೆ.

ಟೆರೇಸಿಗೆ ನೀರು ಬಿಡುವ ವಿಚಾರ ಮಾತ್ರ ಕೇಳ್ಬೇಡಿ. ಏಪ್ರಿಲ್ ಕೊನೆಗೆ ಬಾವಿಯ ತಳ ಕಾಣ್ತದೆ, ಗುಡ್ಡ ಕೊರೆದು ನೀರು ತರುವ ಸುರಂಗದಲ್ಲಿ ಬೆರಳು ಗಾತ್ರದ ನೀರು ಬಂದ್ರೆ ಪುಣ್ಯ, ಅದನ್ನ ತೋಟಕ್ಕೆ ಹಾಕುದಾ ಕಾಂಕ್ರೀಟಿಗೆ ಹಾಕುದಾ?

ಗಾಳಿಯದ್ದು ಹೇಳ್ತೇನೆ. ಇಲ್ಲಿ ಮಧ್ಯಾಹ್ನದ ಹೊತ್ತಿಗೆ ಕಡಲ ಗಾಳಿ ಪಡುವಲಿಂದ ಏಳ್ತದೆ, ರಾತ್ರಿ ಮೂಡಲ ಕಡೆಯಿಂದ ಮೆಲ್ಲ ಬರ್ತದೆ. ತೊಂದರೆ ಎಂತ ಅಂದ್ರೆ ಮಧ್ಯಾಹ್ನ ಮೇಲೆ ಬಿಸಿಲೂ ಪಡುವಲಿಂದಲೇ. ಅದಕ್ಕೆ ಪಡುವಲ ಕಿಟಕಿ ಮುಚ್ಚುದಲ್ಲ, ಅದರ ಹೊರಗೆ ನೆರಳು ಮಾಡುದು. ಒಳಗೆ ದಪ್ಪ ಕರ್ಟನ್ ಹಾಕಿದ್ರೆ ಗಾಜು ದಾಟಿ ಬಂದ ಬಿಸಿಲು ಬಂದೇ ಬಂತು, ಗಾಳಿಯೂ ಹೋಯ್ತು. ನಮ್ಮಲ್ಲಿ ಕಿಟಕಿಯಿಂದ ಎರಡು ಮಾರು ದೂರಕ್ಕೆ ಬಸಳೆ ಚಪ್ಪರ ಹಾಕಿ ಅದರ ಬದಿಗೆ ಹಸಿರು ನೆಟ್ ಕಟ್ಟಿದ್ದೇವೆ. ರಾತ್ರಿ ಎದುರುಬದುರು ಕಿಟಕಿ ತೆಗೆದು ಒಂದರಲ್ಲಿ ಟೇಬಲ್ ಫ್ಯಾನನ್ನ ಹೊರಗೆ ಮುಖ ಮಾಡಿ ಇಟ್ರೆ ಒಳಗಿನ ಬಿಸಿ ಗಾಳಿಯನ್ನ ಎಳೆದು ಹಾಕ್ತದೆ. ಸೊಳ್ಳೆಗೆ ನೆಟ್ ಹೊಡೆಸಿದ್ರಾಯ್ತು, ಕಿಟಕಿ ಮುಚ್ಚಿ ಕಾಯಿಲ್ ಹಚ್ಚಿ ಮಲಗುವವರ ಅವಸ್ಥೆ ನನಗೆ ಅರ್ಥವೇ ಆಗುದಿಲ್ಲ. ಸೀಲಿಂಗ್ ಫ್ಯಾನ್ ಹೊಸತು ತಗೊಳ್ಳುವವರು ಬಿಎಲ್‌ಡಿಸಿ, ಅಂದ್ರೆ ಕಮ್ಮಿ ಕರೆಂಟಲ್ಲಿ ಓಡುವ ಮೋಟಾರಿನದ್ದು ತಗೊಳ್ಳಿ, ಹಳೇದು 75 ವ್ಯಾಟ್ ತಿನ್ನುವಲ್ಲಿ ಇದು 30ರ ಹತ್ರ, ಕರೆಂಟ್ ಹೋದಾಗ ಅದೇ ಇನ್ವರ್ಟರಲ್ಲಿ ಡಬಲ್ ಹೊತ್ತು ತಿರುಗ್ತದೆ. 2024ರ ಬೇಸಿಗೆಯಲ್ಲಿ ಕೇರಳದ ಒಂದು ದಿನದ ಬಳಕೆಯೇ 11 ಕೋಟಿ ಯೂನಿಟ್ ದಾಟಿತ್ತು, ಇನ್ನು ಮುಂದೆ ರಾತ್ರಿ ಕರೆಂಟಿನ ಮೇಲೆ ಪೂರ್ತಿ ಭರವಸೆ ಇಟ್ಟು ಕೂರ್ಲಿಕ್ಕಾಗುದಿಲ್ಲ.

ಅಡುಗೆಮನೆಯ ಬಿಸಿಗೆ ನಮ್ಮ ಕಡೆಯ ಥರ್ಮಲ್ ಕುಕ್ಕರಿಗಿಂತ ದೊಡ್ಡ ಉಪಕಾರ ಇನ್ನೊಂದಿಲ್ಲ. ಕುಚ್ಚಲಕ್ಕಿ ಬೇಯ್ಲಿಕ್ಕೆ ಮುಕ್ಕಾಲು ಗಂಟೆ ಒಲೆ ಉರಿಸುವ ಬದಲು ಬೆಳಿಗ್ಗೆ ಏಳಕ್ಕೇ ಒಂದು ಹತ್ತು ಹದಿನೈದು ನಿಮಿಷ ಕುದಿಸಿ ಪಾತ್ರೆಯನ್ನ ಕುಕ್ಕರಿನ ಬಿಸಿ ಹಿಡಿದಿಡುವ ಡಬ್ಬದೊಳಗೆ ಇಟ್ಟು ಮುಚ್ಚಿದ್ರೆ ತನ್ನಷ್ಟಕ್ಕೆ ಬೇಯ್ತದೆ, ಮಧ್ಯಾಹ್ನ ಗಂಜಿ ಬಸಿದ್ರಾಯ್ತು. ಪದಾರ್ಥಕ್ಕೆ ತಂಬುಳಿ, ಕುಡೀಲಿಕ್ಕೆ ಮಜ್ಜಿಗೆ ನೀರೋ ಪುನರ್ಪುಳಿ ಶರಬತ್ತೋ, ಅದೆಲ್ಲ ನಿಮಗೆ ಗೊತ್ತಿದ್ದದ್ದೇ. ಮಲಗ್ಲಿಕ್ಕೆ ಫೋಮ್ ಬೆಡ್ ಬಿಟ್ಟು ನೆಲದಲ್ಲಿ ಚಾಪೆ ಹಾಕಿ.

ಇನ್ನು ಮನೆಯಲ್ಲಿ ಪ್ರಾಯ ಆದವರಿದ್ರೆ. ನಮ್ಮ ಅತ್ತೆ ಫ್ಯಾನ್ ಹಾಕ್ಲಿಕ್ಕೇ ಬಿಡುದಿಲ್ಲ, "ಗಾಳಿ ತಾಗಿದ್ರೆ ಗಂಟು ಹಿಡೀತದೆ, ನನಗೇನೂ ಸೆಕೆ ಇಲ್ಲ" ಅಂತಾರೆ. ಪ್ರಾಯ ಆದಾಗ ಬಾಯಾರಿಕೆ, ಸೆಕೆ ಎರಡೂ ಸರಿಯಾಗಿ ಗೊತ್ತಾಗುದಿಲ್ಲ, ಅವರು ಇಲ್ಲ ಹೇಳಿದ್ದನ್ನ ನಂಬ್ಲಿಕ್ಕಾಗುದಿಲ್ಲ. ಒಣ ಊರಲ್ಲಿ 40 ದಾಟಿದ ಮೇಲೆ ಫ್ಯಾನ್ ಬಿಸಿ ಗಾಳಿಯನ್ನೇ ಮೈಗೆ ಬಡೀತದೆ, ನಮ್ಮಲ್ಲಿ ಅಷ್ಟಕ್ಕೆ ಏರುದು ಕಮ್ಮಿ, ಹಾಗಾಗಿ ಫ್ಯಾನ್ ಹಾಕಿ, ದೂರದಲ್ಲಿಟ್ಟಾದ್ರೂ ಹಾಕಿ. ಮೈ ಸುಡ್ತಾ ಮಾತು ತಡವರಿಸ್ಲಿಕ್ಕೆ ಶುರುವಾಯ್ತು, ಯಾರು ಎಂತ ಅಂತ ತಿಳೀತಾ ಇಲ್ಲ ಅಂತಾದ್ರೆ ಬೆವರು ಇರ್ಲಿ ಇಲ್ಲದಿರ್ಲಿ, ಶರಬತ್ತು ಕುಡಿಸ್ಲಿಕ್ಕೆ ಕೂರ್ಬೇಡಿ, ಮೈಗೆ ನೀರು ಹಾಕಿ ಗಾಳಿ ಬೀಸ್ತಾ ಸೀದಾ ಆಸ್ಪತ್ರೆಗೆ ಕರ್ಕೊಂಡು ಹೋಗಿ.