ಮನೆ ಏರಿತು, ಜನ ಇಳಿದರು: ನಗರದ ನಡುಭಾಗದ ಲೆಕ್ಕ ಬಿಡಿಸುವುದು ಹೇಗೆ

ನಗರದ ಹಳೆಯ ನಡುಭಾಗದಲ್ಲಿ ಬೀದಿಗೊಂದು ಹೊಸ ಕಟ್ಟಡ ಏಳುತ್ತಿರುತ್ತದೆ, ಜನಗಣತಿ ಮಾತ್ರ ಜನ ಕಡಿಮೆಯಾದರು ಎನ್ನುತ್ತದೆ. ಗಣತಿಯವರು ಮನೆಮನೆಗೆ ಬಂದೇ ಇಲ್ಲ ಎಂದು ಬೈಯುವವರೇ ಹೆಚ್ಚು. ಬಹಳ ಸಲ ಕಟ್ಟಡ ಏರಿದ್ದು, ಜನ ಇಳಿದದ್ದು ಎರಡೂ ನಿಜ. ಪ್ಯಾರಿಸ್ ನಗರದ ಎಲ್ಲೆಯೊಳಗೆ 1921ರಲ್ಲಿ ಸುಮಾರು 29 ಲಕ್ಷ ಜನರಿದ್ದರು, ಈಗ 21 ಲಕ್ಷದ ಆಸುಪಾಸು. ಮ್ಯಾನ್‌ಹಟನ್ 1910ರಲ್ಲಿ 23 ಲಕ್ಷ ದಾಟಿತ್ತು, 1980ರಲ್ಲಿ 14 ಲಕ್ಷಕ್ಕೆ ಇಳಿಯಿತು, 2020ರ ಗಣತಿಗೆ ಮತ್ತೆ 17 ಲಕ್ಷದ ಹತ್ತಿರ ಬಂತು. ಮನೆಗಳ ಸಂಖ್ಯೆ ಹೀಗೆ ಏರಿಳಿಯಲಿಲ್ಲ.

ಮೂರು ಅಂಕಿಗಳನ್ನು ಗುಣಿಸಿದರೆ ಗುಟ್ಟು ತಿಳಿಯುತ್ತದೆ: ಒಟ್ಟು ಮನೆಗಳು, ಅವುಗಳಲ್ಲಿ ಜನ ವಾಸವಿರುವ ಪಾಲು, ವಾಸವಿರುವ ಮನೆಯೊಂದಕ್ಕೆ ಸರಾಸರಿ ಜನ. ಉದಾಹರಣೆಗೆ ಒಂದು ವಾರ್ಡ್ ಊಹಿಸಿಕೊಳ್ಳಿ. ಮೊದಲು 2,000 ಮನೆ, 95% ವಾಸ, ಮನೆಗೆ 4.2 ಜನ, ಒಟ್ಟು 7,980. ಆಮೇಲೆ 2,600 ಮನೆ, 88% ವಾಸ, 2.9 ಜನ, ಒಟ್ಟು 6,635. ಒಂದೊಂದನ್ನೇ ಬದಲಿಸಿ ನೋಡಿ. ಹೊಸ ಮನೆಗಳಿಂದ 2,394 ಜನ ಹೆಚ್ಚಬೇಕಿತ್ತು. ಖಾಲಿ ಮನೆಗಳು 764 ಜನರನ್ನು ಕಳೆದವು. ಉಳಿದ 2,974 ಕಳೆದದ್ದು ಮನೆಯೊಂದಕ್ಕೆ ಜನ ಕಡಿಮೆಯಾದದ್ದರಿಂದ. ಮಕ್ಕಳು ಬೇರೆ ಮನೆ ಮಾಡಿದರು, ಹಿರಿಯರಿಬ್ಬರೇ ಉಳಿದರು, ಬಾಡಿಗೆಗೆ ಒಂಟಿ ಉದ್ಯೋಗಿಗಳು ಬಂದರು. ಯಾವುದನ್ನು ಮೊದಲು ಬದಲಿಸುತ್ತೀರಿ ಎಂಬುದರ ಮೇಲೆ ಪಾಲುಗಳು ಬದಲಾಗುತ್ತವೆ: ಮನೆಗೆ ಎಷ್ಟು ಜನ ಎಂಬುದನ್ನು ಮೊದಲು ಬದಲಿಸಿದರೆ ಹೊಸ ಮನೆಗಳ ಪಾಲು 1,653ಕ್ಕೆ ಇಳಿಯುತ್ತದೆ. ಆದ್ದರಿಂದ ಯಾವ ಕ್ರಮ ಅನುಸರಿಸಿದಿರಿ ಎಂದು ಬರೆದಿಡಿ; ಬರೆಯದವರ ಶೇಕಡಾವಾರುಗಳನ್ನು ನಂಬಬೇಡಿ.

ಒಂದು ಮನೆಯಲ್ಲಿ ಎರಡು ಒಲೆ ಉರಿಯುತ್ತಿದ್ದರೆ ಗಣತಿಯಲ್ಲಿ ಅದು ಎರಡು ಕುಟುಂಬ. ಮೇಲಿನ ಲೆಕ್ಕಕ್ಕೆ ಬೇಕಿರುವುದು ಮನೆಗೆ ಎಷ್ಟು ಜನ ಎಂಬುದು, ಕುಟುಂಬಕ್ಕೆ ಎಷ್ಟು ಜನ ಎಂಬುದಲ್ಲ. ಈ ಎರಡನ್ನು ಕಲಸಿಬಿಟ್ಟರೆ ವಠಾರಗಳಿರುವ ಬೀದಿಯಲ್ಲಿ ಅರ್ಧಕ್ಕರ್ಧ ಜನ ಕಾಣೆಯಾಗುತ್ತಾರೆ. ಹಾಸ್ಟೆಲ್, ವೃದ್ಧಾಶ್ರಮಗಳನ್ನು ಬೇರೆಯಾಗಿಯೇ ಎಣಿಸಿ. 300 ಹಾಸಿಗೆಯ ಒಂದು ಹಾಸ್ಟೆಲ್ ಮುಚ್ಚಿದರೆ ಸಣ್ಣ ವಾರ್ಡಿನ ಇಡೀ ಚಿತ್ರವೇ ತಲೆಕೆಳಗು.

ಮನೆಗಳ ಎಣಿಕೆಯಲ್ಲಿ ಆಗುವ ದೊಡ್ಡ ಎಡವಟ್ಟೆಂದರೆ ಕಟ್ಟಿದ್ದನ್ನು ಮಾತ್ರ ಎಣಿಸಿ ಕೆಡವಿದ್ದನ್ನು ಮರೆಯುವುದು. ಹನ್ನೆರಡು ಬಾಡಿಗೆ ಮನೆಗಳ ಹಳೆಯ ಕಟ್ಟಡ ಕೆಡವಿ ಎಂಟು ಫ್ಲ್ಯಾಟ್ ಕಟ್ಟಿದರೆ ನಿವ್ವಳ ನಾಲ್ಕು ಮನೆ ನಷ್ಟ, ಪರವಾನಗಿ ಪಟ್ಟಿಯಲ್ಲಿ ಎಂಟು ಲಾಭ. ಪರವಾನಗಿ ಪಡೆದದ್ದೆಲ್ಲ ಕಟ್ಟಡವಾಗುವುದೂ ಇಲ್ಲ. ಕಟ್ಟಡ ಪೂರ್ಣಗೊಂಡಿದೆ ಎಂಬ ಪ್ರಮಾಣಪತ್ರವನ್ನೇ ಹಿಡಿಯಿರಿ. ಕೆಡವದೆಯೂ ಮನೆ ಹೋಗುತ್ತದೆ: ನೆಲಮಹಡಿ ಗೋದಾಮಾಗುತ್ತದೆ, ಮೊದಲ ಮಹಡಿ ಕಚೇರಿಯಾಗುತ್ತದೆ, ಅಕ್ಕಪಕ್ಕದ ಎರಡು ಫ್ಲ್ಯಾಟಿನ ಗೋಡೆ ಒಡೆದು ಒಂದು ಮಾಡುತ್ತಾರೆ. ಇವು ಯಾವ ಕಾಗದದಲ್ಲೂ ಸಿಗುವುದು ಅಪರೂಪ.

ಅದಕ್ಕೇ ಮೆಟ್ಟಿಲ ಕೆಳಗಿನ ಮೀಟರ್ ಬೋರ್ಡ್ ನೋಡಬೇಕು. ಎಂಟು ಮೀಟರ್ ಇದ್ದರೆ ಎಂಟು ಮನೆ ಅಂದುಕೊಳ್ಳಬೇಡಿ. ಒಂದು ಲಿಫ್ಟು-ಪಂಪಿನದು, ಒಂದು ಕೆಳಗಿನ ಅಂಗಡಿಯದು, ಉಳಿದ ಆರು ಮನೆಗಳವು. ಹನ್ನೆರಡು ತಿಂಗಳೂ ತಿಂಗಳ ಬಳಕೆ ಹತ್ತು ಯೂನಿಟ್ ದಾಟದಿದ್ದರೆ ಮನೆ ಖಾಲಿ ಇರಬಹುದು, ಏಕೆಂದರೆ ಒಂದು ಸಾಧಾರಣ ಫ್ರಿಜ್ಜೇ ತಿಂಗಳಿಗೆ ಸುಮಾರು ಇಪ್ಪತ್ತು ಯೂನಿಟ್ ನುಂಗುತ್ತದೆ. ಫ್ರಿಜ್ಜಿಲ್ಲದ, ಎರಡು ಬಲ್ಬಿನ ಒಂಟಿ ಕೋಣೆಗೆ ಈ ಮಾನದಂಡ ಸಲ್ಲದು, ಅಲ್ಲಿ ನೀರಿನ ಬಿಲ್ಲನ್ನೂ ಜೊತೆಗಿಟ್ಟು ನೋಡಬೇಕು. ಒಂದೇ ಮೀಟರಿನಲ್ಲಿ ಐದು ಕೋಣೆ ಬಾಡಿಗೆಗೆ ಕೊಟ್ಟಿದ್ದರೆ ಬಾಗಿಲು ತಟ್ಟುವುದೊಂದೇ ದಾರಿ. ಬೀಗ ಹಾಕಿದ ಮನೆಯನ್ನು ಒಮ್ಮೆ ನೋಡಿ ಖಾಲಿ ಎಂದು ಬರೆಯಬೇಡಿ; ಸಂಜೆ ಒಂದು ಸಲ, ರಜಾದಿನ ಒಂದು ಸಲ ಹೋಗಿ.

ಯಾರು ಹೋದರು, ಯಾರು ಬಂದರು ಎಂಬುದು ವಯಸ್ಸಿನ ಪಟ್ಟಿಯಿಂದ ಗೊತ್ತಾಗುತ್ತದೆ. ಮೊದಲ ಗಣತಿಯ 25–34ರವರು ಹತ್ತು ವರ್ಷದ ನಂತರ 35–44ರ ಸಾಲಿನಲ್ಲಿರಬೇಕು. ಆ ಸಾಲು 1,200ರಿಂದ 800ಕ್ಕೆ ಕುಸಿದು, ಜೊತೆಗೆ 0–4ರ ಮಕ್ಕಳೂ ಹತ್ತು ವರ್ಷದ ಬಳಿಕ 10–14ರಲ್ಲಿ ಕಾಣದಿದ್ದರೆ, ಮಕ್ಕಳಾದ ಮೇಲೆ ದಂಪತಿಗಳು ಬಿಟ್ಟುಹೋಗುತ್ತಿದ್ದಾರೆ. ಇಳಿಕೆ 65 ದಾಟಿದವರಲ್ಲಿದ್ದರೆ ಸಾವಿನ ಪಾಲನ್ನು ಮೊದಲು ಕಳೆಯಬೇಕು. ಒಟ್ಟು ಜನಸಂಖ್ಯೆ ಕದಲದೆ ನಿಂತಿದ್ದರೂ ಒಳಗೆ ಅರ್ಧ ಜನ ಬದಲಾಗಿರಬಹುದು; ಬಾಡಿಗೆ ಮನೆಗಳು ಹೆಚ್ಚಿರುವ ಕಡೆ ಇದು ಮಾಮೂಲು.

ಇನ್ನು ವಾರ್ಡಿನ ಗಡಿ. ಎರಡು ಗಣತಿಗಳ ನಡುವೆ ಅದು ಸರಿದಿದ್ದರೆ ಮೇಲಿನ ಯಾವ ಹೋಲಿಕೆಯೂ ನಿಲ್ಲದು, ಹಾಗಾಗಿ ಎರಡೂ ಗಣತಿಯ ಗಡಿ ಹೊಂದಿಸುವ ಕೆಲಸ ಎಲ್ಲಕ್ಕಿಂತ ಮೊದಲು ಆಗಬೇಕು. ವಿಸ್ತೀರ್ಣದ ಅನುಪಾತದಲ್ಲಿ ಜನರನ್ನು ಹಂಚಿದರೆ ರೈಲ್ವೆ ಯಾರ್ಡಿಗೂ ಕೆರೆಗೂ ನಿವಾಸಿಗಳು ಹುಟ್ಟಿಕೊಳ್ಳುತ್ತಾರೆ. ಗಣತಿಗಾಗಿ ವಾರ್ಡನ್ನು ಹಂಚಿದ ಅತಿ ಸಣ್ಣ ತುಂಡುಗಳಾದ ಬ್ಲಾಕುಗಳನ್ನು ಜೋಡಿಸಿ ಹಳೆಯ ಗಡಿಯನ್ನೇ ಮತ್ತೆ ಕಟ್ಟಿ. ಗಡಿ ಸೀಳಿದ ಬ್ಲಾಕಿನಲ್ಲಿ ಮಾತ್ರ ಎರಡೂ ಬದಿಯ ವಾಸದ ಮನೆಗಳನ್ನೆಣಿಸಿ, ಆ ಅನುಪಾತದಲ್ಲಿ ಜನರನ್ನು ಹಂಚಿ.