ಗಂಟು ಹಿಂದೆ, ನೋವು ಮುಂದೆ

ಸಂಕ್ರಾಂತಿಗೆ ಎರಡು ವಾರ ಇರುವಾಗ ನಮ್ಮ ಮನೆಯಲ್ಲಿ ಒಲೆಯ ಮೇಲಿನ ಹಂಚು ಇಳಿಯುವುದೇ ಇಲ್ಲ. ಸಿದ್ಧೇಶ್ವರ ಜಾತ್ರೆಗೆ ಬರುವ ಬೀಗರ ಊಟ, ಪುಣೆಗೆ ಬೆಂಗಳೂರಿಗೆ ಹೋಗುವ ಖಡಕ್ ರೊಟ್ಟಿಯ ಕಟ್ಟು, ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಎಲ್ಲ ಒಮ್ಮೆಗೇ ಬರುತ್ತದೆ. ವಿಜಯಪುರದ ಜೋರಾಪುರ ಪೇಟೆಯಲ್ಲಿ ನಾನು, ನಮ್ಮ ವೈನಿ (ಅತ್ತಿಗೆ), ಇನ್ನಿಬ್ಬರು ಹೆಣ್ಣುಮಕ್ಕಳು ಸೇರಿ 11 ವರ್ಷದಿಂದ ರೊಟ್ಟಿ ಮಾಡಿ ಮಾರುತ್ತಿದ್ದೇವೆ. ಬೇರೆ ದಿನ 250 ರೊಟ್ಟಿ. ಹಬ್ಬ ಬಂತೆಂದರೆ ದುಪ್ಪಟ್ಟು.

ಜೋಳದ ಹಿಟ್ಟಿಗೆ ಗೋದಿಯ ಹಾಗೆ ಜಿಗುಟಿಲ್ಲ. ಕುದಿಯುವ ಎಸರು ಹಾಕಿ, ಅಂಗೈ ಬುಡದಿಂದ ಒತ್ತಿ ಒತ್ತಿ ನಾದಿದರೆ ಮಾತ್ರ ಹದಕ್ಕೆ ಬರುತ್ತದೆ. ಮಾಲದಂಡಿ ಜೋಳ ಆದರೂ ಅಷ್ಟೇ, ನಾದದಿದ್ದರೆ ರೊಟ್ಟಿ ಅಂಚಿನಲ್ಲಿ ಸೀಳುತ್ತದೆ. ಆಮೇಲೆ ಬಡಿಯುವುದು. ಒಂದು ರೊಟ್ಟಿಗೆ ಎಷ್ಟು ಸಲ ನನ್ನ ಬಲಗೈ ಬೀಳುತ್ತದೆ ಅಂತ ಮಗಳು ಒಮ್ಮೆ ಪಕ್ಕದಲ್ಲಿ ಕೂತು ಎಣಿಸಿದ್ದಳು. 70ರ ಹತ್ತಿರ ಬಂತು. ನನ್ನ ಪಾಲಿಗೆ ದಿನಕ್ಕೆ 100 ರೊಟ್ಟಿ ಅಂದರೆ 7,000 ಸಲ. ಹೊರಗಿನವರಿಗೆ ಇದು ಕೈ ಕೆಲಸ. ಆದರೆ ಕೈಯನ್ನು ಎತ್ತಿ ಇಳಿಸುವುದು ಬೆನ್ನು. ಅದು ನನಗೂ ಗೊತ್ತಿರಲಿಲ್ಲ.

ಹೋದ ದೀಪಾವಳಿ ಹೊತ್ತಿಗೆ ಬಲ ಭುಜದ ಮುಂದಿನ ಭಾಗದಲ್ಲಿ ನೋವು ಶುರುವಾಯಿತು. ಮೇಲೆ ಮೇಲೆ ಅಲ್ಲ, ಒಳಗೆ, ಕೀಲಿನಲ್ಲೇ ಏನೋ ಕೂತಿದೆ ಅನ್ನುವಂಥ ನೋವು. ಅಲ್ಲಿಂದ ತೋಳಿನ ಹೊರಮೈಯಲ್ಲಿ ಇಳಿದು ಮೊಣಕೈ ದಾಟುತ್ತಿತ್ತು. ಬಲ ಮಗ್ಗುಲಾಗಿ ಮಲಗಲು ಆಗುತ್ತಿರಲಿಲ್ಲ. ಕೈ ಬೆನ್ನ ಹಿಂದೆ ಹೋಗುತ್ತಿರಲಿಲ್ಲ. ದಿನಾ ಮುಂಜಾನೆ ಮಗಳೇ ನನಗೆ ಹೆರಳು ಹಾಕುತ್ತಿದ್ದಳು. ನಮ್ಮ ಅತ್ತೆಯವರು ಉಪ್ಪಿನ ಗಂಟು ಕಾಯಿಸಿ ಕಾವು ಕೊಟ್ಟರು. ಕಾವು ಕೊಟ್ಟಷ್ಟು ಹೊತ್ತು ಹಾಯಾಗಿರುತ್ತಿತ್ತು, ಅಷ್ಟೇ.

ಒಂದು ದೊಡ್ಡ ಆಸ್ಪತ್ರೆಗೆ ಹೋದೆ. ಎಕ್ಸ್‌ರೇ ಆಯಿತು, ಕುತ್ತಿಗೆಯ ಎಂಆರ್‌ಐ ಆಯಿತು. ಸ್ವಲ್ಪ ಸವೆತ ಇದೆ, ಸರ್ವೈಕಲ್ ಅಂದರು. 20 ದಿನದ ಗುಳಿಗೆ ಬರೆದರು. ಹತ್ತನೇ ದಿನಕ್ಕೆ ಹೊಟ್ಟೆ ಉರಿ ತಡೆಯಲಾಗದೆ ಬಿಟ್ಟೆ. 40 ದಾಟಿದ ಎಷ್ಟೋ ಜನರ ಕುತ್ತಿಗೆಯಲ್ಲಿ, ನೋವೇ ಇಲ್ಲದವರಲ್ಲೂ, ಇಂಥ ಸವೆತ ಕಾಣುತ್ತದೆ ಅಂತ ಆಮೇಲೆ ತಿಳಿಯಿತು. ನನಗೆ ಹೊಟ್ಟೆ ಉರಿಗಿಂತ ಜಾಸ್ತಿ ಉಳಿದ ಸಂಕಟ ಬೇರೆ. ಎರಡು ಸಲ ಹೋದರೂ ಒಬ್ಬರೂ ನನ್ನ ಭುಜ ಮುಟ್ಟಿ ನೋಡಲಿಲ್ಲ. ಏನು ಕೆಲಸ ಮಾಡುತ್ತೀರಿ ಅಂತಲೂ ಕೇಳಲಿಲ್ಲ.

ಅದೇ ಹೊತ್ತಿಗೆ ಊರಲ್ಲಿ ಒಂದು ಕಲ್ಯಾಣ ಮಂಟಪದಲ್ಲಿ ಸೂಜಿ ಚಿಕಿತ್ಸೆಯ ಶಿಬಿರ ಅಂತ ಯಾರೋ ಹೇಳಿದರು. ಹೋಗಿ ಸಾಲಿನಲ್ಲಿ ಕೂತೆ. ನನ್ನ ಮುಂದಿದ್ದ ಹಿರಿಯರ ಮೈಯಿಂದ ತೆಗೆದ ಸೂಜಿಗಳನ್ನು ಒಂದು ಸ್ಟೀಲ್ ಬಟ್ಟಲಿಗೆ ಹಾಕಿದರು. ಮುಂದಿನವರಿಗೆ ಚುಚ್ಚುವ ಸೂಜಿಯೂ ಅಂಥದೇ ಬಟ್ಟಲಿನಿಂದ ಬಂತು. ಎದ್ದು ಬಂದೆ. ಇದನ್ನು ಓದುವವರು ಈ ಒಂದು ಮಾತು ಮಾತ್ರ ಮರೆಯಬೇಡಿ. ಸೂಜಿ ನಿಮ್ಮ ಕಣ್ಣೆದುರೇ ಹೊಸ ಪೊಟ್ಟಣದಿಂದ ಬರಬೇಕು, ಒಬ್ಬರಿಗೆ ಬಳಸಿದ್ದು ಅಲ್ಲಿಗೇ ಮುಗಿಯಬೇಕು. ರಕ್ತದಿಂದ ಹರಡುವ ಕಾಮಾಲೆ, ಎಚ್‌ಐವಿ ಎಲ್ಲ ಸುಮ್ನೆ ಹೆದರಿಸುವ ಮಾತುಗಳಲ್ಲ.

ಡಿಸೆಂಬರಿನಲ್ಲಿ ವೈನಿಯ ತವರಿನವರು ಸೊಲ್ಲಾಪುರಕ್ಕೆ ಕರೆದರು. ಅಲ್ಲೊಬ್ಬರು ವಯಸ್ಸಾದ ಬಾಯಾರು ಅಕ್ಯುಪಂಕ್ಚರ್, ಅಂದರೆ ಚೀನಾದ ಸೂಜಿ ಚಿಕಿತ್ಸೆ ಮಾಡುತ್ತಾರೆ. ಅವರ ಗೋಡೆಯ ಮೇಲೆ ಡಾ. ದ್ವಾರಕಾನಾಥ ಕೊಟ್ನೀಸರ ಫೋಟೋ ಇತ್ತು. ಕೊಟ್ನೀಸರು ಸೊಲ್ಲಾಪುರದವರೇ. ಜಪಾನ್ ದಾಳಿ ಮಾಡಿದಾಗ, 1938ರಲ್ಲಿ, ಗಾಯಾಳುಗಳ ಸೇವೆಗೆ ಭಾರತದಿಂದ ಚೀನಾಕ್ಕೆ ಹೋದ ಐವರು ವೈದ್ಯರಲ್ಲಿ ಒಬ್ಬರು. 1942ರಲ್ಲಿ ಅಲ್ಲೇ ತೀರಿಕೊಂಡರು, ಇನ್ನೂ 32 ವರ್ಷ. ಆ ತಂಡದಲ್ಲಿದ್ದ ಇನ್ನೊಬ್ಬರು ಡಾ. ಬಿಜಯ್ ಕುಮಾರ್ ಬಸು. ಅವರು 1950ರ ದಶಕದ ಕೊನೆಗೆ ಮತ್ತೆ ಚೀನಾಕ್ಕೆ ಹೋಗಿ ಈ ವಿದ್ಯೆ ಕಲಿತು ಕೋಲ್ಕತ್ತಕ್ಕೆ ತಂದರಂತೆ. ಬಾಯಾರು ಇದನ್ನು ತಮ್ಮ ಮನೆತನದ ಕಥೆಯ ಹಾಗೆ ಹೇಳಿದರು.

ಅವರು ನನ್ನ ನಾಡಿ ಹಿಡಿದರು, ನಾಲಿಗೆ ನೋಡಿದರು. ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಒಂದು ಸೂಜಿ. ಭುಜದ ಸುತ್ತ ಮೂರು. ಇನ್ನೊಂದು ಮೊಣಕಾಲಿನ ಕೆಳಗೆ! ಭುಜದ ನೋವಿಗೆ ಕಾಲಿಗೆ ಯಾಕೆ ಅಂದೆ. ಮೈಯಲ್ಲಿ ಜೀವಶಕ್ತಿ ಹರಿಯುವ ದಾರಿಗಳಿವೆ, ಚೀನಾದವರು ಅದನ್ನು ಚೀ ಅನ್ನುತ್ತಾರೆ, ದಾರಿ ಕಟ್ಟಿದಲ್ಲಿ ನೋವು, ಅದನ್ನು ದೂರದಿಂದಲೂ ಬಿಡಿಸಬಹುದು ಅಂದರು. ಎರಡು ಸಾವಿರ ವರ್ಷದ ಲೆಕ್ಕ ಅದು. ಸೂಜಿಗಳನ್ನು ಇಟ್ಟು 25 ನಿಮಿಷ ಬಿಟ್ಟರು. ಚುಚ್ಚಿದ್ದೇ ಗೊತ್ತಾಗಲಿಲ್ಲ. ಸ್ವಲ್ಪ ಹೊತ್ತಿಗೆ ಸೂಜಿಯ ಸುತ್ತ ಒಂದು ಭಾರ, ಒಂದು ಜೋಮು. ಅಲ್ಲೇ ನಿದ್ದೆ ಬಂತು.

ನಾಲ್ಕು ಸಲ ಹೋದೆ. ಆ ವಾರಗಳಲ್ಲಿ ರಾತ್ರಿ ನಿದ್ದೆ ಮಾಡಿದೆ. ಎರಡು ತಿಂಗಳಲ್ಲಿ ಅದೇ ಮೊದಲು. ಅದಕ್ಕಾಗಿ ಆ ಬಾಯಾರಿಗೆ ನಾನು ಋಣಿ. ಆದರೆ ಕೈ ಹಿಂದೆ ಹೋಗಲಿಲ್ಲ. ಒಂದೊಂದು ಸಲಕ್ಕೂ 100 ಕಿಲೋಮೀಟರ್ ಹೋಗಿ ಬರುವುದು, ಆ ದಿನದ ರೊಟ್ಟಿ ಬಿಡುವುದು ನಮ್ಮಂಥವರಿಗೆ ಆಗುವ ಮಾತಲ್ಲ. ಅಷ್ಟರಲ್ಲಿ ಹಬ್ಬ ಬಂತು. ಜಾತ್ರೆ ಮುಗಿಯುವ ಹೊತ್ತಿಗೆ ನಾನು ಎಡಗೈಯಲ್ಲಿ ಊಟ ಮಾಡುತ್ತಿದ್ದೆ.

ಜನವರಿ ಕೊನೆಯ ಒಂದು ಬುಧವಾರ. ಆ ದಿನವನ್ನೇ ಬರೆಯಬೇಕು ಅಂತ ಕೂತಿದ್ದು.

ರೊಟ್ಟಿ ಒಯ್ಯಲು ಬರುವ ಒಬ್ಬ ಮಾಸ್ತರರು ಸ್ಟೇಷನ್ ರಸ್ತೆ ಕಡೆ ಒಬ್ಬ ಫಿಜಿಯೋಥೆರಪಿ ಡಾಕ್ಟರ್ ಇದ್ದಾರೆ ಅಂತ ಹೇಳಿದ್ದರು. ಸಣ್ಣ ವಯಸ್ಸಿನ ಹುಡುಗಿ. ಎರಡು ಮಂಚ, ಒಂದು ಪರದೆ, ಗೋಡೆಯ ಮೇಲೆ ಮನುಷ್ಯನ ಸ್ನಾಯುಗಳ ಚಿತ್ರ. ಚಿತ್ರದಲ್ಲಿ ಒಂದು ಕಡೆ ಗುಣಿಸು ಗುರುತು, ಇನ್ನೊಂದು ಕಡೆ ಕೆಂಪು ಚುಕ್ಕಿಗಳ ಹಾಸು.

ಅವರು ಮೊದಲು ಕೇಳಿದ್ದು ಕೆಲಸದ ಬಗ್ಗೆ. ರೊಟ್ಟಿ ಬಡಿದು ತೋರಿಸಿ ಅಂದರು. ಮೇಜಿನ ಮೇಲೆ ಬರಿಗೈಯಲ್ಲಿ ಬಡಿದು ತೋರಿಸಿದೆ. ಅವರು ನನ್ನ ಕೈ ನೋಡಲಿಲ್ಲ, ಹಿಂದೆ ಹೋಗಿ ನನ್ನ ಬೆನ್ನು ನೋಡಿದರು.

"ಅಕ್ಕಾರ, ನೋವು ಎಲ್ಲೈತಿ, ಒಂದ ಬೆರಳಿಲೆ ತೋರಸ್ರಿ."

ಭುಜದ ಮುಂದೆ ಬೆರಳಿಟ್ಟೆ. ಅವರು ಹಿಂದೆ ನಿಂತು ರೆಕ್ಕೆ ಎಲುಬಿನ ಮೇಲೆ ಹೆಬ್ಬೆರಳು ಸರಿಸುತ್ತ ಬಂದರು. ಒಂದು ಕಡೆ ನಿಲ್ಲಿಸಿ ಒತ್ತಿದರು. ನನ್ನ ಬಾಯಿಂದ ಯವ್ವಾ ಅಂತ ಬಂತು.

"ಇದ ನೋವೇನ್ರಿ?"

"ಹೌದ್ರಿ, ಇದ ನೋವು. ಆದ್ರ ನೀವು ಒತ್ತಿದ್ದು ಹಿಂದ, ನೋವು ಮುಂದ ಬರಾಕತ್ತೈತಲ್ರಿ!"

"ಗೋಲಗುಮ್ಮಟದಾಗ ಆ ಕಡೆ ಗ್ವಾಡಿಗೆ ಪಿಸುಮಾತು ಆಡಿದ್ರ ಈ ಕಡೆ ಗ್ವಾಡಿಗೆ ಕೇಳತೈತಲ್ರಿ, ಹಂಗ ಇದು."

ನನಗೆ ಕಣ್ಣಲ್ಲಿ ನೀರು ಬಂತು. ಒತ್ತಿದ್ದಕ್ಕಲ್ಲ. ಮೂರು ತಿಂಗಳಿನಿಂದ ನಾನು ಹೇಳುತ್ತಿದ್ದ ನೋವನ್ನು ಬೇರೆಯವರ ಬೆರಳು ಮೊದಲ ಸಲ ಹಿಡಿದಿತ್ತು.

ರೆಕ್ಕೆ ಎಲುಬಿನ ಮೇಲೆ ಚಪ್ಪಟೆಯಾಗಿ ಹಾಸಿಕೊಂಡ ಒಂದು ಸ್ನಾಯು ಇದೆ. ಇನ್‌ಫ್ರಾಸ್ಪೈನೇಟಸ್ ಅಂತ ಹೆಸರು. ತೋಳನ್ನು ಹೊರಕ್ಕೆ ತಿರುಗಿಸುವುದು, ಕೈ ಆಡುವಾಗ ಭುಜದ ಕೀಲನ್ನು ಜಾಗದಲ್ಲಿ ಹಿಡಿದಿಡುವುದು ಅದರ ಕೆಲಸ. ಬಿಡುವಿಲ್ಲದೆ ದುಡಿದರೆ ಅದರಲ್ಲಿ ಒಂದು ಗಟ್ಟಿ ಪಟ್ಟಿ ಏಳುತ್ತದೆ, ಪಟ್ಟಿಯಲ್ಲಿ ಒಂದು ಗಂಟು. ಟ್ರಿಗರ್ ಪಾಯಿಂಟ್ ಅನ್ನುತ್ತಾರೆ. ಆ ಗಂಟಿನ ನೋವು ತನ್ನ ಜಾಗದಲ್ಲಿ ಕಾಣುವುದಿಲ್ಲ, ಭುಜದ ಮುಂದೆ ಮತ್ತು ತೋಳಿನಲ್ಲಿ ಕಾಣುತ್ತದೆ. ಗೋಡೆಯ ಚಿತ್ರದಲ್ಲಿ ಗುಣಿಸು ಗುರುತು ಗಂಟು, ಕೆಂಪು ಚುಕ್ಕಿ ನೋವು. ಎದ್ದು ಹೋಗಿ ನೋಡಿದೆ. ಯಾರೋ ನನ್ನನ್ನೇ ಕೂರಿಸಿ ಬರೆದ ಹಾಗಿತ್ತು. ಇಂಥ ನಕ್ಷೆಗಳಿಗೆ ದಾರಿ ಹಾಕಿದವರು ಅಮೆರಿಕದ ಡಾ. ಜಾನೆಟ್ ಟ್ರಾವೆಲ್. 1961ರಲ್ಲಿ ಅಧ್ಯಕ್ಷ ಕೆನಡಿಯವರ ವೈದ್ಯೆಯಾದವರು, ಅವರ ಬೆನ್ನು ನೋವಿಗೆ ಚಿಕಿತ್ಸೆ ಕೊಟ್ಟವರು. ಅವರು ಗಂಟಿಗೆ ಮದ್ದು ಚುಚ್ಚುತ್ತಿದ್ದರು. ಮುಂದೆ 1979ರಲ್ಲಿ ಪ್ರಾಗ್‌ನ ಕರೆಲ್ ಲೆವಿಟ್ ಎಂಬ ವೈದ್ಯರು, ಮದ್ದಿಗಿಂತ ಸೂಜಿಯೇ ಕೆಲಸ ಮಾಡುತ್ತಿದೆ ಅಂತ ಬರೆದರು. ಮದ್ದಿಲ್ಲದ ಬರೀ ಸೂಜಿ, ಅದಕ್ಕೇ ಡ್ರೈ ನೀಡ್ಲಿಂಗ್. ಅಕ್ಯುಪಂಕ್ಚರ್, ಡ್ರೈ ನೀಡ್ಲಿಂಗ್ ಎರಡರಲ್ಲೂ ಸೂಜಿ ಒಂದೇ ಥರ. ಸೊಲ್ಲಾಪುರದ ಬಾಯಾರು ಹರಿವಿನ ದಾರಿ ನೋಡಿ ಇಡುತ್ತಾರೆ, ಇವರು ಗಂಟು ಹುಡುಕಿ ಅದಕ್ಕೇ ಇಳಿಸುತ್ತಾರೆ.

ಚುಚ್ಚುವ ಮೊದಲು ಬಹಳ ಕೇಳಿದರು. ರಕ್ತ ತೆಳುವಾಗುವ ಗುಳಿಗೆ ತಗೊಳ್ತೀರಾ, ಶುಗರ್ ಇದೆಯಾ, ಸೂಜಿ ಕಂಡರೆ ತಲೆ ಸುತ್ತುತ್ತದಾ, ಮುಂಜಾನೆ ಏನು ತಿಂದಿರಿ. ಬಸುರಿಯಾ ಅಂತಲೂ ಕೇಳಿದರು. ಪೊಟ್ಟಣ ತೋರಿಸಿ ಒಡೆದರು. 0.25 ಮಿಲಿಮೀಟರ್ ದಪ್ಪ, 40 ಮಿಲಿಮೀಟರ್ ಉದ್ದ. ಇಂಜೆಕ್ಷನ್ ಸೂಜಿಯ ಅರ್ಧದಷ್ಟೂ ದಪ್ಪ ಇಲ್ಲ.

"ಇಲ್ಲಿ ಕೆಳಗ ಎಲುಬು ಐತ್ರಿ, ಹೆದರಬ್ಯಾಡ್ರಿ," ಅಂದರು. ಕುತ್ತಿಗೆ ಮತ್ತು ಭುಜದ ನಡುವಿನ ಸ್ನಾಯುವಿಗೆ ಮಾತ್ರ ಬಹಳ ಹುಷಾರಾಗಿರಬೇಕಂತೆ. ಅದರ ಕೆಳಗೇ ಶ್ವಾಸಕೋಶದ ತುದಿ ಇದೆ. ಕೈ ತಪ್ಪಿ ತಾಗಿದರೆ ಗಾಳಿ ಸೋರಿ ಉಸಿರು ಕಟ್ಟಬಹುದು. ಅದಕ್ಕೇ ಅಲ್ಲಿ ಸ್ನಾಯುವನ್ನು ಬೆರಳಲ್ಲಿ ಚಿವುಟಿ ಎತ್ತಿ ಹಿಡಿದು ಚುಚ್ಚುತ್ತಾರೆ. ಇದನ್ನು ಅವರು ಮುಚ್ಚಿಡದೆ ಹೇಳಿದರು. ನನಗೆ ಅದರಿಂದ ಹೆದರಿಕೆ ಬರಲಿಲ್ಲ, ಧೈರ್ಯ ಬಂತು.

ಸೂಜಿ ಚರ್ಮ ದಾಟಿದ್ದು ಇರುವೆ ಕಚ್ಚಿದಷ್ಟು. ಒಳಗೆ ಅವರು ಅದನ್ನು ಮೇಲೆ ಕೆಳಗೆ ಮೆಲ್ಲಗೆ ಆಡಿಸಿದರು. ಆಗ ನನ್ನ ಬೆನ್ನಿನೊಳಗೆ ಏನೋ ಹಾರಿತು. ಉದುರಿದ ಹಲ್ಲಿ ಬಾಲ ಹೊರಳುತ್ತದಲ್ಲ, ಹಾಗೆ. ನಾನು ಅಲ್ಲಾಡಿಸಿರಲಿಲ್ಲ. ಸ್ನಾಯು ತಾನಾಗಿಯೇ ಎರಡು ಸಲ, ಮೂರು ಸಲ ಸೆಳೆಯಿತು. ಅದರ ಜೊತೆಗೇ ಭುಜದ ಮುಂದೆ, ತೋಳಿನ ಉದ್ದಕ್ಕೆ, ನನ್ನ ಹಳೆಯ ನೋವು ಪೂರ್ತಿ ಎದ್ದು ಬಂತು. ಹಲ್ಲು ಕಚ್ಚಿ ಹಿಡಿದೆ. ಈ ಹಾರುವಿಕೆ ಬೆನ್ನುಹುರಿಯ ಮಟ್ಟದಲ್ಲೇ ಆಗುವ ಪ್ರತಿಕ್ರಿಯೆ, ನಮ್ಮ ಕೈಯಲ್ಲಿಲ್ಲ, ಇದು ಬಂದರೆ ಸರಿಯಾದ ಜಾಗ ಸಿಕ್ಕ ಹಾಗೆ ಅಂದರು. ನಾಲ್ಕನೇ ಸಲಕ್ಕೆ ಹಾರಿಕೆ ಸಣ್ಣದಾಯಿತು. ಐದನೆಯದಕ್ಕೆ ಬರಲೇ ಇಲ್ಲ. ಎಲ್ಲ ಸೇರಿ ಹತ್ತು ನಿಮಿಷ ಆಗಿರಬೇಕು.

ಎದ್ದು ಕೂರಿಸಿ ಕೈ ಹಿಂದೆ ಒಯ್ಯಿರಿ ಅಂದರು. ಸೊಂಟದ ಪಕ್ಕದಲ್ಲೇ ನಿಲ್ಲುತ್ತಿದ್ದ ಕೈ ಬೆನ್ನ ನಡುವಿನ ತನಕ ಹೋಯಿತು. ಹೆರಳಿನ ತುದಿ ಬೆರಳಿಗೆ ಸಿಕ್ಕಿತು. ಅದನ್ನು ಹಿಡಿದುಕೊಂಡೇ ಸ್ವಲ್ಪ ಹೊತ್ತು ಕೂತಿದ್ದೆ.

ಅವರೇ ನನ್ನನ್ನು ತಡೆದರು. ಇದು ಬಾಗಿಲು ತೆರೆದಿದ್ದು ಮಾತ್ರ ಅಕ್ಕಾರ ಅಂದರು. ಸೂಜಿ ಕೆಲವು ವಾರ ನೋವು ತಗ್ಗಿಸುತ್ತದೆ, ಆ ಹೊತ್ತಿನಲ್ಲಿ ಸ್ನಾಯುವಿಗೆ ಬಲ ತುಂಬದಿದ್ದರೆ, ಕೆಲಸದ ರೀತಿ ಬದಲಿಸದಿದ್ದರೆ ಗಂಟು ಮತ್ತೆ ಕಟ್ಟುತ್ತದೆ. ಈ ಗಂಟು ನಿಜವಾಗಿ ಏನು ಅನ್ನುವುದರ ಬಗ್ಗೆ ವೈದ್ಯರಲ್ಲೇ ಇನ್ನೂ ವಾದ ಇದೆ ಅಂತಲೂ ಹೇಳಿದರು. ಅಷ್ಟು ನೇರವಾಗಿ ಹೇಳುವವರನ್ನು ನಂಬಬಹುದು ಅಲ್ವಾ?

ಆ ರಾತ್ರಿ ಮತ್ತು ಮರುದಿನ ಬೆನ್ನು ಯಾರೋ ಗುದ್ದಿದ ಹಾಗೆ ನೋಯುತ್ತಿತ್ತು. ಹಾಗಾಗುತ್ತದೆ ಅಂತ ಮೊದಲೇ ಹೇಳಿದ್ದರು. ಅತ್ತೆಯವರಿಗೆ ಮಾತ್ರ ಸಮಾಧಾನ ಆಗಲಿಲ್ಲ. "ನೋವಂತ ಹೋಗಿ ಚುಚ್ಚಿಸ್ಕೊಂಡು ಬಂದೀಯಲ್ಲ ತಂಗಿ," ಅಂತ ಬೈಯುತ್ತಲೇ ಬಿಸಿನೀರಿನ ಚೀಲ ತಂದು ಇಟ್ಟರು. ಮೂರನೇ ದಿನ ಮುಂಜಾನೆ ಎದ್ದಾಗ ನಾನು ಬಲ ಮಗ್ಗುಲಲ್ಲಿ ಮಲಗಿದ್ದೆ.

ವಾರಕ್ಕೊಂದರಂತೆ ಇನ್ನೂ ಮೂರು ಸಲ ಹೋದೆ. ರಬ್ಬರ್ ಪಟ್ಟಿ ಬಾಗಿಲ ಚಿಲಕಕ್ಕೆ ಕಟ್ಟಿ ಎಳೆಯುವ ವ್ಯಾಯಾಮ ದಿನಾ ಎರಡು ಹೊತ್ತು ಮಾಡುತ್ತೇನೆ. ನೆಲದಲ್ಲಿ ಕೂತು ಬಡಿಯುವುದು ಬಿಟ್ಟು ಸೊಂಟದೆತ್ತರದ ಕಟ್ಟೆ ಮಾಡಿಸಿದೆವು. ಈಗ ನಿಂತು ಬಡಿಯುತ್ತೇವೆ. ಒಬ್ಬರೇ ನಾದಿ ಒಬ್ಬರೇ ಬಡಿಯುವುದಿಲ್ಲ. 25 ರೊಟ್ಟಿಗೊಮ್ಮೆ ಕೆಲಸ ಬದಲಾಯಿಸಿಕೊಳ್ಳುತ್ತೇವೆ. ನೋವು ಪೂರ್ತಿ ಹೋಗಿಲ್ಲ. ಜಾಸ್ತಿ ಕೆಲಸ ಬಿದ್ದ ದಿನ ಸಂಜೆ ಅದೇ ಜಾಗದಲ್ಲಿ ಮೆಲ್ಲಗೆ ಮಾತಾಡುತ್ತದೆ. ಆಗ ಒಂದು ಟೆನಿಸ್ ಚೆಂಡನ್ನು ಗೋಡೆಗೂ ಬೆನ್ನಿಗೂ ನಡುವೆ ಇಟ್ಟು ಒರಗುತ್ತೇನೆ.

ಮೊನ್ನೆ ವೈನಿ ಹಿಟ್ಟು ನಾದುತ್ತಾ ನಡುವೆ ನಿಲ್ಲಿಸಿ ತೋಳು ಒತ್ತಿಕೊಂಡರು. ಎಷ್ಟು ದಿನದಿಂದ ಅಂದೆ. "ಬಿಡ ತಂಗಿ, ಕೆಲಸ ಮಾಡವ್ರಿಗೆ ನೋಯೂದ," ಅಂದರು. ನಾನು ಹಿಟ್ಟಿನ ಕೈ ತೊಳೆದುಕೊಂಡು ಅವರ ಹಿಂದೆ ಹೋಗಿ ನಿಂತೆ. ರೆಕ್ಕೆ ಎಲುಬಿನ ಮೇಲೆ ಹೆಬ್ಬೆರಳಿಟ್ಟು ಮೆಲ್ಲಗೆ ಸರಿಸುತ್ತ ಬಂದೆ. ಒಂದು ಕಡೆ ಬಿಗಿಯಾದ ಹುರಿ ಸಿಕ್ಕಿತು. ಒತ್ತಿದೆ.

"ಯವ್ವಾ! ಮುಂದ ಬಂತಲ್ಲ ನೋವು!"

ಗುರುವಾರ ಇಬ್ಬರೂ ಸ್ಟೇಷನ್ ರಸ್ತೆಗೆ ಹೋಗುವುದು ಅಂತ ಮಾತಾಗಿದೆ. ಆ ದಿನಕ್ಕೆ 60 ರೊಟ್ಟಿ ಕಡಿಮೆ ಒಪ್ಪಿಕೊಂಡಿದ್ದೇವೆ.