ಬ್ಯಾಗಿನಲ್ಲಿ ನೀರಿದ್ದರೂ ತಯಮ್ಮುಮ್: ರಾಜಗಡದಿಂದ ತೋರಣಕ್ಕೆ ನಡೆಯುವವರಿಗೆ

ಹೋದ ವರ್ಷ ಇದೇ ದಾರಿಯಲ್ಲಿ ನಾನೊಂದು ದಡ್ಡತನ ಮಾಡಿದ್ದೆ. ಪುಣೆ ಹತ್ತಿರದ ರಾಜಗಡ ಕೋಟೆಯಿಂದ ತೋರಣ ಕೋಟೆಗೆ ಹೋಗುವ ಬೋಳು ಗುಡ್ಡದ ಏಣಿನ (ಉದ್ದನೆಯ ನೆತ್ತಿಯ) ಮೇಲೆ ಲುಹರ್, ಅಂದರೆ ಮಧ್ಯಾಹ್ನದ ನಮಾಝಿನ ಹೊತ್ತಾಯಿತು. ಬ್ಯಾಗಿನಿಂದ ಬಾಟಲಿ ತೆಗೆದು, ಮನೆಯಲ್ಲಿ ಮಾಡುವ ಹಾಗೆ ಮೂರು ಮೂರು ಸಲ ತೊಳೆದು, ನಮಾಝಿಗೆ ಮುಂಚೆ ಮುಖ ಕೈಕಾಲು ತೊಳೆಯುವ ವುಳೂವನ್ನು ನೆಮ್ಮದಿಯಾಗಿ ಮಾಡಿದೆ. ಒಂದು ಲೀಟರ್ ಖಾಲಿ. ಎರಡು ಗಂಟೆ ಕಳೆಯುವಷ್ಟರಲ್ಲಿ ಮೀನಖಂಡ ಹಿಡಿದುಕೊಂಡಿತು, ತಲೆ ಸುತ್ತಿತು. ಗುರುತು ಪರಿಚಯ ಇಲ್ಲದವರ ಹತ್ತಿರ ನೀರು ಬೇಡಿ ಕುಡಿದೆ.

ಊರಿನ ಉಸ್ತಾದರಿಗೆ ಫೋನ್ ಮಾಡಿ ಹೇಳಿದಾಗ ಹೊಗಳುತ್ತಾರೆ ಅಂದುಕೊಂಡಿದ್ದೆ. ಬೈದರು. ಕುಡಿಯಲು ಬೇಕಾದ ನೀರು ಮಾತ್ರ ಇದ್ದರೆ ಅದು ನೀರಿಲ್ಲದ ಲೆಕ್ಕವೇ, ಅಲ್ಲಿ ತಯಮ್ಮುಮ್ (ನೀರಿನ ಬದಲು ಮಣ್ಣಿನಿಂದ ಮಾಡುವ ಶುದ್ಧಿ) ಮಾಡಬೇಕು, ಮದ್ರಸದಲ್ಲಿ ಕಲಿತದ್ದೇ ಅಲ್ವಾ ಅಂದರು. ಕಲಿತದ್ದು ನಿಜ. ಪರೀಕ್ಷೆಗೆ ಬರೆದು ಮರೆತಿದ್ದೆ ಅಷ್ಟೇ.

ಈ ಫೆಬ್ರವರಿಯಲ್ಲಿ ಮತ್ತೆ ಹೋದೆ. ನಾವು ಮೂವರು, ಮೂವರೂ ಪುಣೆಯಲ್ಲಿ ಕೆಲಸಕ್ಕಿರುವವರು. ನಾನು ಉಪ್ಪಿನಂಗಡಿ ಕಡೆಯ ಬ್ಯಾರಿ. ಇನ್ನೊಬ್ಬ ವಿಜಯಪುರದವನು. ಮೂರನೆಯವನು ಧಾರವಾಡದವನು. ನಮಾಝಿಗೂ ಅವನಿಗೂ ಸಂಬಂಧ ಇಲ್ಲ, ಆದರೆ ದಾರಿ, ಬಸ್ಸು, ಊಟ ಎಲ್ಲದರ ಜವಾಬ್ದಾರಿ ಅವನದೇ.

ದಾರಿಯ ವಿಷಯ ಬೇಗ ಹೇಳಿಬಿಡುತ್ತೇನೆ. ಬೆಳಗಾವಿ, ಹುಬ್ಬಳ್ಳಿ ಕಡೆಯಿಂದ ಬರುವವರು ಪುಣೆ ತನಕ ಹೋಗಿ ವಾಪಸ್ ಬರಬೇಕಾಗಿಲ್ಲ. ಸಾತಾರ ದಾಟಿದ ಮೇಲೆ ಹೆದ್ದಾರಿಯಲ್ಲೇ ನಸ್ರಾಪುರ ಫಾಟಾ (ಆ ಊರಿಗೆ ತಿರುಗುವ ಕ್ರಾಸ್) ಸಿಗುತ್ತದೆ, ಅಲ್ಲಿ ಇಳಿಯಿರಿ. ಅಲ್ಲಿಂದ ಮಾರ್ಗಾಸನಿ ಮೂಲಕ ಗುಂಜವಣೆ ಊರಿಗೆ ಹೋಗಬೇಕು. ಗುಂಜವಣೆಯಿಂದ ಚೋರ್ ದರವಾಜಾ (ಕಳ್ಳಬಾಗಿಲು) ಹತ್ತಿದರೆ ರಾಜಗಡದ ಪದ್ಮಾವತಿ ಮಾಚಿ. ಮಾಚಿ ಅಂದರೆ ಕೋಟೆಯ ಚಾಚಿಕೊಂಡ ಸಮತಟ್ಟು ಭಾಗ. ಹತ್ತುವ ದಾರಿ ಕಡಿದಾಗಿದೆ. ಕೊನೆಯಲ್ಲಿ ಕಬ್ಬಿಣದ ಕಂಬಿ ಹಿಡಿದೇ ಹತ್ತಬೇಕು. ನಾವು ಶನಿವಾರ ರಾತ್ರಿ ಅಲ್ಲೇ ಉಳಿದು, ಭಾನುವಾರ ಸಂಜೀವನಿ ಮಾಚಿಯ ಆಳು ದರವಾಜಾದಿಂದ ಇಳಿದು ತೋರಣದ ಕಡೆ ನಡೆದೆವು. ಆರೇಳು ಗಂಟೆ ಬೇಕೇ ಬೇಕು.

ನೀರಿನ ವಿಷಯ ಹಾಗೆ ಬೇಗ ಮುಗಿಯುವುದಿಲ್ಲ. 1674ರಲ್ಲಿ ರಾಯಗಡದಲ್ಲಿ ಪಟ್ಟಾಭಿಷೇಕ ಆಗುವುದಕ್ಕೆ ಮುಂಚೆ ಶಿವಾಜಿಯ ರಾಜಧಾನಿ ಇದೇ ರಾಜಗಡ. ಅಷ್ಟು ಜನ ಮೇಲೆ ಬದುಕಬೇಕಿತ್ತಲ್ಲ, ಹಾಗಾಗಿ ಕೋಟೆಯಲ್ಲಿ ಕಪ್ಪು ಬಂಡೆ ಕೊರೆದು ಮಳೆನೀರಿನ ಟಾಕಿಗಳನ್ನು ಮಾಡಿದ್ದಾರೆ. ಪದ್ಮಾವತಿ ಮಾಚಿಯಲ್ಲಿ ಒಂದು ಕೆರೆಯೂ ಇದೆ. ತೋರಣದ ಮೇಲೂ ಟಾಕಿಗಳಿವೆ. ಆದರೆ ನಡುವಿನ ಏಣಿನ ಮೇಲೆ ಯಾರೂ ವಾಸ ಇರಲಿಲ್ಲ, ಯಾರೂ ಕೊರೆಯಲಿಲ್ಲ. ಮಳೆಗಾಲದ ತೊರೆಗಳು ಫೆಬ್ರವರಿ ಹೊತ್ತಿಗೆ ಬರೀ ಕಲ್ಲು. ಆದ್ದರಿಂದ ರಾಜಗಡದಿಂದ ಹೊರಡುವಾಗ ತಲಾ ನಾಲ್ಕು ಲೀಟರ್ ತುಂಬಿಕೊಳ್ಳಿ. ಭಾರ ಅನ್ನಿಸಿದರೂ ಪರವಾಗಿಲ್ಲ.

ಟಾಕಿಯಲ್ಲಿ ವುಳೂ ಮಾಡುವವರಿಗೆ ಒಂದು ಮಾತು. ಕೈಕಾಲನ್ನು ನೇರ ಟಾಕಿಗೆ ಅದ್ದಬೇಡಿ. ಅದು ಎಲ್ಲರೂ ಕುಡಿಯುವ ನೀರು. ಒಂದು ಬಾಟಲಿ ತುಂಬಿಕೊಂಡು ಹತ್ತು ಹೆಜ್ಜೆ ದೂರ ಹೋಗಿ. ಪ್ರವಾದಿಯವರು ಒಂದು ಮುದ್ದ್ ಅಳತೆಯ ನೀರಿನಲ್ಲಿ ವುಳೂ ಮಾಡುತ್ತಿದ್ದರು ಅಂತ ಹದೀಸ್ ಇದೆ. ನಮ್ಮ ಲೆಕ್ಕಕ್ಕೆ ಮುಕ್ಕಾಲು ಲೀಟರಿಗೂ ಸ್ವಲ್ಪ ಕಡಿಮೆ. ಒಂದೊಂದೇ ಸಲ ತೊಳೆದರೆ ಅರ್ಧ ಲೀಟರೂ ಸಾಕಾಗುತ್ತದೆ. ನಾನು ಬಾಟಲಿ ಮುಚ್ಚಳಕ್ಕೆ ಸೂಜಿಯಿಂದ ಮೂರು ತೂತು ಮಾಡಿ ಇಟ್ಟುಕೊಂಡಿದ್ದೇನೆ. ನಲ್ಲಿಗಿಂತ ಚೆನ್ನಾಗಿ ಕೆಲಸ ಮಾಡುತ್ತದೆ.

ಭಾನುವಾರ ಸುಬ್‌ಹಿ (ನಸುಕಿನ ನಮಾಝ್) ಹೀಗೆ ಆಯಿತು. ಎಂಟೂವರೆಗೆ ಹೊರಟೆವು. ಹನ್ನೊಂದರ ಸುಮಾರಿಗೆ ಡಾಂಬರು ರಸ್ತೆ ದಾಟುವ ಖಿಂಡಿ (ಗುಡ್ಡಗಳ ನಡುವಿನ ಕಣಿವೆದಾರಿ) ಸಿಕ್ಕಿತು. ಆಚೆ ಮತ್ತೆ ಏರು. ಹನ್ನೆರಡು ಮುಕ್ಕಾಲು ದಾಟಿದಾಗ ನನ್ನ ಹತ್ತಿರ ಉಳಿದದ್ದು ಒಂದೂವರೆ ಲೀಟರ್. ಮುಂದೆ ತೋರಣದ ಬುಧಲಾ ಮಾಚಿಯ ಏರು, ಅದಕ್ಕೆ ಮುಂಚೆ ಕಬ್ಬಿಣದ ಏಣಿ. ಈ ಸಲ ಬಾಟಲಿ ಮುಟ್ಟಲಿಲ್ಲ.

ಮಾಡುವ ಕ್ರಮ ಸುಲಭ. ಮೊದಲು ಸುತ್ತ ನೀರಿದೆಯಾ ಅಂತ ನೋಡಬೇಕು, ಎದುರು ಬರುವವರನ್ನು ಕೇಳಬೇಕು. ಸುಮ್ನೆ ಕೂತು ಇಲ್ಲ ಅಂದರೆ ಆಗುವುದಿಲ್ಲ. ಮಾರುವವರಿದ್ದು, ಬೆಲೆ ಆ ಜಾಗಕ್ಕೆ ನ್ಯಾಯವಾದದ್ದಾಗಿ, ಜೇಬಿನಲ್ಲಿ ದುಡ್ಡಿದ್ದರೆ ಕೊಂಡು ವುಳೂ ಮಾಡಬೇಕು. ಕೋಟೆಯಲ್ಲಿ ಹಳ್ಳಿಯವರು ಮಜ್ಜಿಗೆ, ನಿಂಬೆ ಶರಬತ್ತು ಮಾರುತ್ತಾರೆ, ಆದರೆ ಅವೆರಡರಲ್ಲೂ ವುಳೂ ಆಗುವುದಿಲ್ಲ! ಧಾರವಾಡದವನು ಇದನ್ನು ನಿಜವಾಗಿಯೇ ಕೇಳಿದ, ಹಾಗಾಗಿ ಬರೆದೆ.

ಆಮೇಲೆ ಬೆವರು ಒರೆಸಿಕೊಳ್ಳಿ. ಇದನ್ನು ಯಾವ ಪುಸ್ತಕವೂ ನನಗೆ ಹೇಳಿರಲಿಲ್ಲ. ಒರೆಸದಿದ್ದರೆ ಧೂಳು ಮುಖದಲ್ಲಿ ಕೆಸರಾಗುತ್ತದೆ. ಉಂಗುರ, ವಾಚು ತೆಗೆದಿಡಿ, ಅಂಗಿಯ ತೋಳನ್ನು ಮೊಣಕೈ ಮೇಲಕ್ಕೆ ಮಡಚಿ. ದನ, ಆಡು ಮೇಯುವ ಜಾಗ ಅದು. ಹಿಕ್ಕೆ, ಸಗಣಿ ಇಲ್ಲದ ಒಣ ಮಣ್ಣು ಹುಡುಕಿ. ನಿಯ್ಯತ್ (ಮನಸ್ಸಿನಲ್ಲಿ ಸಂಕಲ್ಪ) ಮಾಡಿ ಎರಡೂ ಅಂಗೈಯನ್ನು ಮಣ್ಣಿಗೆ ಬಡಿದು, ಜಾಸ್ತಿ ಧೂಳು ಊದಿ, ಇಡೀ ಮುಖ ಸವರಿ. ಮತ್ತೊಮ್ಮೆ ಬಡಿದು ಎರಡೂ ಕೈಯನ್ನು ಮೊಣಕೈ ಸೇರಿ ಸವರಿ. ಮುಗಿಯಿತು. ತಲೆಗಿಲ್ಲ, ಕಾಲಿಗಿಲ್ಲ. ಶೂ ಲೇಸ್ ಬಿಚ್ಚುವ ಕೆಲಸವೂ ಇಲ್ಲ.

ಇಲ್ಲಿ ನನಗೂ ವಿಜಯಪುರದವನಿಗೂ ಒಂದು ಸಣ್ಣ ವ್ಯತ್ಯಾಸ ಬಂತು. ಕರಾವಳಿಯ ಬ್ಯಾರಿಗಳು, ಭಟ್ಕಳದವರು ಶಾಫಿ ಮದ್‌ಹಬಿನವರು. ವಿಜಯಪುರದ ಕಡೆ ಹೆಚ್ಚಿನವರು ಹನಫಿ. ಎರಡೂ ಇಸ್ಲಾಮಿನ ವಿಧಿನಿಯಮಗಳ ಪಂಥಗಳು. ನಮಗೆ ಕೈಗೆ ಹತ್ತುವ ಧೂಳಿರುವ ಮಣ್ಣೇ ಬೇಕು. ಅವನಿಗೆ ಕಲ್ಲು, ಮರಳು, ಸುಣ್ಣ, ಭೂಮಿಯ ಜಾತಿಯದ್ದು ಏನಾದರೂ ನಡೆಯುತ್ತದೆ. ಅವನು ನಿಂತಲ್ಲೇ ಕರಿಬಂಡೆಗೆ ಎರಡು ಸಲ ಕೈ ಬಡಿದು ಮುಗಿಸಿದ. ನಾನು ಇನ್ನೂ ಹಿಕ್ಕೆ ಇಲ್ಲದ ಜಾಗ ಹುಡುಕುತ್ತಿದ್ದೆ. "ನಿಮ್ದು ಯಾವಾಗ್ಲೂ ಲೇಟು ಭಾಯ್" ಅಂದ. ಇನ್ನೊಂದು ವ್ಯತ್ಯಾಸವೂ ಇದೆ. ನಾವು ಹೊತ್ತು ಆದ ಮೇಲೆಯೇ ತಯಮ್ಮುಮ್ ಮಾಡಬೇಕು, ಪ್ರತಿ ಫರ್ಳ್ (ಕಡ್ಡಾಯ) ನಮಾಝಿಗೂ ಹೊಸದಾಗಿ ಮಾಡಬೇಕು. ಅವರಿಗೆ ಮುರಿಯುವ ತನಕ ಒಂದೇ ಸಾಕು. ಗುಂಪಿನಲ್ಲಿ ಎರಡೂ ಕಡೆಯವರಿದ್ದರೆ ಇದನ್ನು ಮೊದಲೇ ಮಾತಾಡಿಕೊಳ್ಳಿ. ಸುಡುಬಿಸಿಲಿನಲ್ಲಿ ವಿಧಿನಿಯಮಗಳ ಫಿಕ್‌ಹ್ ಚರ್ಚೆ ಮಾಡಿದರೆ ಬಾಯಿ ಒಣಗುತ್ತದೆ.

ದಿಕ್ಕಿಗೆ ಕಷ್ಟವೇ ಇಲ್ಲ. ತೋರಣಕ್ಕೆ ಮುಖ ಮಾಡಿ ಎಡಕ್ಕೆ ಸ್ವಲ್ಪ ತಿರುಗಿದರೆ ಕಿಬ್ಲಾ, ಅಂದರೆ ನಮಾಝಿಗೆ ಮುಖ ಮಾಡುವ ಮೆಕ್ಕಾದ ದಿಕ್ಕು. ಜನ ನಡೆಯುವ ದಾರಿ ಬಿಟ್ಟು ಪಕ್ಕದಲ್ಲಿ ನಿಲ್ಲಿ. ಕೋಟೆಗಳ ಒಳಗೆ ಗುಡಿಯ ಮುಂದೆ, ಸಮಾಧಿಯ ಹತ್ತಿರ ಬೇಡ. ಅಲ್ಲಿ ಬರುವವರಿಗೆ ಅದು ಬರೀ ಟ್ರೆಕ್ ಜಾಗ ಅಲ್ಲ.

ನಮಾಝ್ ಮುಗಿಯುವ ತನಕ ನೆರಳಲ್ಲಿ ಕೂತಿದ್ದ ಧಾರವಾಡದವನು ಕೇಳಿದ: "ನೀರ್ ಐತಲ್ಲೋ ಬ್ಯಾಗ್‌ನ್ಯಾಗ, ಮಣ್ಣ್ ಯಾಕ ಹಚ್ಕೋತೀರಿ?" ಆಗ ಪ್ರವಾದಿಯವರ ಪತ್ನಿ ಆಯಿಶಾ ಅವರ ಸರದ ಕತೆ ಹೇಳಿದೆ. ಒಂದು ಪಯಣದಲ್ಲಿ ಅವರ ಸರ ಕಳೆದುಹೋಯಿತು. ಹುಡುಕಲು ಇಡೀ ದಂಡು ನಿಂತಿತು. ನಿಂತ ಜಾಗದಲ್ಲಿ ನೀರಿಲ್ಲ, ಜನರ ಹತ್ತಿರವೂ ಇಲ್ಲ. ತಂದೆ ಅಬೂಬಕರ್ ಬಂದು ಮಗಳನ್ನು ಚೆನ್ನಾಗಿ ಬೈದರು. ಬೆಳಗ್ಗೆ ತಯಮ್ಮುಮ್‌ನ ಆದೇಶ ಇಳಿಯಿತು. ಆಮೇಲೆ ಒಂಟೆಯನ್ನು ಎಬ್ಬಿಸಿದರೆ ಸರ ಅದರ ಅಡಿಯಲ್ಲೇ ಇತ್ತು. ಕುರ್‌ಆನಿನ ಅನ್ನಿಸಾ ಅಧ್ಯಾಯದ 43ನೇ ವಚನದಲ್ಲೂ ಅಲ್ ಮಾಇದಾ ಅಧ್ಯಾಯದ 6ನೇ ವಚನದಲ್ಲೂ ಈ ಆದೇಶ ಇದೆ. ಕೇಳಿ ಅವನು, "ಆ ಸರ ಕಳದದ್ದು ಚಲೋ ಆತು ಬಿಡು. ಇಲ್ಲಾಂದ್ರ ಇವತ್ತ ನನ್ನ ಬಾಟ್ಲಿಗೂ ನಿನ್ನ ಕಣ್ಣ ಬೀಳ್ತಿತ್ತು" ಅಂದ. ಹೋದ ವರ್ಷದ್ದು ಅವನಿಗೆ ಗೊತ್ತಿತ್ತು.

ನಾಲ್ಕು ಗಂಟೆಗೆ ತೋರಣದ ಮೆಂಗಾಯಿ ಗುಡಿ ತಲುಪಿದೆವು. 1,403 ಮೀಟರ್ ಎತ್ತರದಲ್ಲಿ ಟಾಕಿಯ ತಣ್ಣೀರು. ನೀರು ಕೈಗೆ ಸಿಕ್ಕಿದ ಕೂಡಲೇ ತಯಮ್ಮುಮ್ ಲೆಕ್ಕ ಮುಗಿಯಿತು, ಸಂಜೆಗೆ ಮುಂಚಿನ ನಮಾಝ್ ಅಸರ್‌ಗೆ ವುಳೂನೇ ಆಗಬೇಕು. ಮಾಡಿ ಮುಗಿದ ಲುಹರ್ ಅನ್ನು ಮತ್ತೆ ಮಾಡಬೇಕಾ? ಹನಫಿಗಳಿಗೆ ಬೇಡ. ಶಾಫಿಗಳಲ್ಲಿ ಸಾಮಾನ್ಯವಾಗಿ ನೀರು ಸಿಗುವ ಜಾಗದಲ್ಲಿ ತಯಮ್ಮುಮ್ ಮಾಡಿದ್ದರೆ ಮತ್ತೆ ಮಾಡಬೇಕು. ಆ ಏಣು ಬೇಸಿಗೆಯಲ್ಲಿ ಅಂಥ ಜಾಗ ಅಲ್ಲ, ಹಾಗಾಗಿ ಮತ್ತೆ ಮಾಡಬೇಕಾಗಿಲ್ಲ. ಅನುಮಾನ ಇದ್ದರೆ ಹೊರಡುವ ಮೊದಲೇ ನಿಮ್ಮ ಉಸ್ತಾದರನ್ನು ಕೇಳಿ. ಏಣಿನ ಮೇಲೆ ನೆಟ್‌ವರ್ಕ್ ನಂಬಬೇಡಿ.

ದೂರದ ಪಯಣದಲ್ಲಿ ನಮಾಝನ್ನು ಮೊಟಕು ಮಾಡುವ ಕಸ್ರ್ ಬಗ್ಗೆಯೂ ಜನ ಗೊಂದಲ ಮಾಡಿಕೊಳ್ಳುತ್ತಾರೆ. ಪುಣೆಯಲ್ಲೇ ಮನೆ ಇರುವ ನಮಗೆ ಈ ದೂರಕ್ಕೆ ಕಸ್ರ್ ಇಲ್ಲ, ಪೂರ್ತಿ ನಾಲ್ಕು ರಕಅತ್ (ನಮಾಝಿನ ಆವರ್ತ). ಮಂಗಳೂರು, ವಿಜಯಪುರದಿಂದ ಬಂದವರಿಗೆ ಇದೆ. ತಯಮ್ಮುಮ್‌ಗೆ ಮಾತ್ರ ದೂರದ ಲೆಕ್ಕವೇ ಇಲ್ಲ.

ತೋರಣದ ಬುಡದ ವೆಲ್ಹೆ ಊರಿಗೆ ಬಿನಿ ದರವಾಜಾ ಕಡೆಯಿಂದ ಇಳಿಯಬೇಕು. ಕತ್ತಲಾಗುವ ಮೊದಲು ಇಳಿಯಿರಿ, ಟಾರ್ಚ್ ಇರಲಿ.

ಅಲ್ಲಿಂದ ಬಂದ ವಾರವೇ ಊರಿಗೆ ರಾತ್ರಿ ಬಸ್ಸಿನಲ್ಲಿ ಹೋದೆ. ಎಸಿ ಸ್ಲೀಪರ್. ಸುಬ್‌ಹಿಗೆ ಐದು ನಿಮಿಷ ನಿಲ್ಲಿಸಿ ಅಂದರೆ ಡ್ರೈವರ್ ಒಪ್ಪಲಿಲ್ಲ. ಬಾಟಲಿ ಖಾಲಿ. ಬಸ್ಸಿನೊಳಗೆ ಮಣ್ಣೆಲ್ಲಿ? ನೀರೂ ಮಣ್ಣೂ ಎರಡೂ ಇಲ್ಲದಿದ್ದರೆ ನಮ್ಮಲ್ಲಿ ಹೊತ್ತಿನ ಗೌರವಕ್ಕಾಗಿ ಹಾಗೆಯೇ ನಮಾಝ್ ಮಾಡಿ, ಆಮೇಲೆ ಮತ್ತೆ ಮಾಡಬೇಕು. ಆದರೆ ಆವತ್ತು ನನಗೆ ಆ ಕಷ್ಟ ಬರಲಿಲ್ಲ. ವೆಲ್ಹೆಯಲ್ಲಿ ಬಸ್ಸಿಗೆ ಕಾಯುವಾಗ ಹೊಲದ ಅಂಚಿನಿಂದ ಎರಡು ಹಿಡಿ ಒಣಮಣ್ಣನ್ನು ಜಿಪ್ ಕವರಿಗೆ ಹಾಕಿ ಬ್ಯಾಗಿನಲ್ಲಿ ಇಟ್ಟಿದ್ದೆ. ಕವರನ್ನು ಅಗಲ ಬಿಡಿಸಿ ಅದರ ಮೇಲೆಯೇ ಕೈ ಬಡಿದೆ. ಬರ್ತ್ ಮೇಲೆ ಕೂತೇ ನಮಾಝ್ ಮಾಡಿದೆ. ಕೂತು ಮಾಡಿದ್ದಕ್ಕೆ ಮನೆಗೆ ಬಂದ ಮೇಲೆ ಮತ್ತೊಮ್ಮೆ ನಿಂತು ಮಾಡಿದೆ.

ಬಟ್ಟೆ ಒಗೆಯಲು ಬ್ಯಾಗ್ ಖಾಲಿ ಮಾಡುತ್ತಿದ್ದ ಉಮ್ಮ ಆ ಕವರ್ ಎತ್ತಿ ಹಿಡಿದು, ಇದು ಯಾವ ಗಿಡದ ಬುಡಕ್ಕೆ ಹಾಕಲು ತಂದದ್ದು ಅಂತ ಕೇಳಿದರು.